ಎಲ್ಲಾ ಪುಸ್ತಕವೂ ‘ಅದ್ಭುತ’ ಆದರೆ ನಾವು ಯಾವುದನ್ನು ಕೊಳ್ಳೋದು?

ಪುಸ್ತಕದ_ಹುಳ:
ಗೆಳೆಯರೇ, ಈಚೆಗೆ ನಾವೆಲ್ಲ ಹಂಚಿಕೊಂಡ ಪುಸ್ತಕ ವಿಮರ್ಶೆಗಳನ್ನು ಒಟ್ಟಿಗೆ ಕೂತು ಓದಿದೆ. ‘ಅದ್ಭುತ’, ‘ಒಂದೇ ಗುಕ್ಕಿಗೆ ಓದಿಸಿಕೊಂಡು ಹೋಗುತ್ತದೆ’, ‘ಪ್ರತಿಯೊಬ್ಬ ಕನ್ನಡಿಗನೂ ಓದಲೇಬೇಕು’, ‘ಲೇಖಕರಿಗೆ ಅಭಿನಂದನೆಗಳು’. ಕಾದಂಬರಿಗೂ ಇದೇ ಮಾತು, ಕವನ ಸಂಕಲನಕ್ಕೂ ಇದೇ ಮಾತು, ಜೇನು ಸಾಕಣೆಯ ಪುಸ್ತಕಕ್ಕೂ ಇದೇ ಮಾತು. ಹೆಸರು ಮುಚ್ಚಿಟ್ಟರೆ ಯಾವ ವಿಮರ್ಶೆ ಯಾವ ಪುಸ್ತಕದ್ದು ಅಂತ ಹೇಳೋಕೆ ಆಗಲ್ಲ. (ಜೇನು ಸಾಕಣೆಯ ಪುಸ್ತಕವನ್ನು ಒಂದೇ ಗುಕ್ಕಿಗೆ ಓದಿದವರು ಯಾರು ಅಂತ ನನಗಿನ್ನೂ ಕುತೂಹಲ ಇದೆ.)

ಹೊಗಳಬೇಡಿ ಅಂತ ನಾನು ಹೇಳುತ್ತಿಲ್ಲ. ಆದರೆ ವಿಮರ್ಶೆ ಓದಿದ ಮೇಲೆ ‘ಇದು ನನಗೆ ಬೇಕು’ ಅಥವಾ ‘ಇದು ನನಗಲ್ಲ’ ಅಂತ ಒಂದು ತೀರ್ಮಾನಕ್ಕೆ ಬರೋಕೆ ಆಗಬೇಕು ಅಲ್ವಾ? ಹಾಗೆ ಬರೆಯೋದು ಹೇಗೆ? ನಿಮ್ಮ ಅನುಭವ ಹೇಳಿ.

ಧಾರವಾಡದ_ಓದುಗ:
ಅಲ್ಲರೀ, ಇದು ಇವತ್ತಿನ ರೋಗ ಅಲ್ಲ. ಯಾವುದಾದರೂ ಪುಸ್ತಕ ಬಿಡುಗಡೆಗೆ ಹೋಗಿ ನೋಡಿ. ಮುಖ್ಯ ಅತಿಥಿ ಎದ್ದು ನಿಂತು, ‘ಸಮಯದ ಅಭಾವದಿಂದ ಪೂರ್ತಿ ಓದಲಿಕ್ಕೆ ಆಗಿಲ್ಲ’ ಅಂತ ಶುರು ಮಾಡಿ, ಮುಕ್ಕಾಲು ತಾಸು ಹೊಗಳುತ್ತಾರೆ. ಮುನ್ನುಡಿ ಗುರುಗಳದ್ದು, ಬೆನ್ನುಡಿ ಗೆಳೆಯರದ್ದು. ಪತ್ರಿಕೆಗಳಿಗೆ ಎರಡು ಪ್ರತಿ ಕಳಿಸಿದರೆ ‘ಸಾದರ ಸ್ವೀಕಾರ’ದಲ್ಲಿ ಹೆಸರು, ಬೆಲೆ, ಪುಟಸಂಖ್ಯೆ ಬರುತ್ತದೆ. ಭಾಳ ಪುಸ್ತಕಗಳ ಕಥೆ ಅಲ್ಲಿಗೇ ಮುಗಿಯಿತು. ಆ ಪುಟದಾಚೆಗೆ ದಾಟಿ ನಿಜವಾದ ವಿಮರ್ಶೆ ಬರುವುದು ಅದೃಷ್ಟ ಇದ್ದವರಿಗೆ ಮಾತ್ರ.

ಆದರೆ ಕನ್ನಡಕ್ಕೆ ನಿಷ್ಠುರವಾಗಿ ಮಾತಾಡಿ ಗೊತ್ತಿಲ್ಲ ಅಂತೇನಿಲ್ಲ. ಕವಿ ಗೋಪಾಲಕೃಷ್ಣ ಅಡಿಗರು ‘ಸಾಕ್ಷಿ’ ಪತ್ರಿಕೆ ನಡೆಸುತ್ತಿದ್ದ ಕಾಲದ ಸಂಚಿಕೆಗಳು ಸಿಕ್ಕರೆ ತಿರುವಿ ಹಾಕಿ. ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರ ಬರಹ ನೋಡಿ. ನಮ್ಮೂರಿನಲ್ಲಿ 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಅನ್ನೋ ಪ್ರಕಾಶನದ ‘ಅಟ್ಟ’ ಇದೆ. ಅಲ್ಲಿ ಕೂತು ಹರಟಿದವರು ಒಬ್ಬರನ್ನೊಬ್ಬರು ಬರೀ ಹೊಗಳಿಕೊಂಡು ಕೂತಿರಲಿಲ್ಲ. ಮುಖ ನೋಡಿಕೊಂಡೇ ವಾದ ಮಾಡುತ್ತಿದ್ದರು, ಮರುದಿನ ಮತ್ತೆ ಒಟ್ಟಿಗೆ ಚಹಾ ಕುಡಿಯುತ್ತಿದ್ದರು. ನಮಗೆ ಈಗ ಅದು ಆಗುತ್ತಿಲ್ಲ ಅಷ್ಟೇ.

ಬರೀ_ಇಣುಕು:
ಸುಮ್ನೆ ಓದಿಕೊಂಡು ಹೋಗುವವಳು ನಾನು, ಬರೆಯೋದು ಅಪರೂಪ. ಒಂದು ಮಾತು. ದೊಡ್ಡ ವಿಮರ್ಶಕರ ಹೆಸರು ಹೇಳಿದರೆ ನನ್ನಂಥವರು ಇನ್ನೂ ಹಿಂದೆ ಸರಿಯುತ್ತೇವೆ. ‘ಅನನ್ಯತೆ’, ‘ಕಥನ ಮಾದರಿ’, ‘ದಟ್ಟ ಅನುಭವ’ ಅಂತೆಲ್ಲ ಬರೆಯೋಕೆ ನಮಗೆ ಬರಲ್ಲ. ಅದಕ್ಕೇ ‘ಅದ್ಭುತ’ ಅಂತ ಬರೆದು ಸುಮ್ಮನಾಗುತ್ತೇವೆ.

ಪುಸ್ತಕದ_ಹುಳ:
@ಬರೀ_ಇಣುಕು ಮೇಡಂ, ಆ ಪದಗಳು ಯಾರಿಗೂ ಬೇಡ. ನಿಮ್ಮ ತಂಗಿಗೆ ಫೋನಿನಲ್ಲಿ ಪುಸ್ತಕದ ಬಗ್ಗೆ ಹೇಳುವಾಗ ಏನು ಹೇಳುತ್ತೀರೋ ಅದನ್ನೇ ಬರೆಯಿರಿ.

ಅಂಗಡಿ_ಗಲ್ಲಾ:
ಪುಸ್ತಕದ ಅಂಗಡಿಯಲ್ಲಿ ಕೆಲಸ ಮಾಡುವವನ ಮಾತು ಕೇಳಿ. ಗಿರಾಕಿ ಮೊಬೈಲಿನಲ್ಲಿ ಒಂದು ವಿಮರ್ಶೆ ತೋರಿಸಿ ‘ಇದು ಕೊಡಿ’ ಅನ್ನುತ್ತಾರೆ. ನೋಡಿದರೆ ಪ್ರಕಾಶಕರ ಹೆಸರಿಲ್ಲ. ಎಷ್ಟೋ ಸಲ ಲೇಖಕರ ಹೆಸರೂ ಇಲ್ಲ. ಮುಖಪುಟದ ಫೋಟೊ ಇದ್ದರೂ ಬೆರಳು ಅಡ್ಡ ಬಂದಿರುತ್ತದೆ. ಕನ್ನಡದಲ್ಲಿ ಒಂದೇ ಹೆಸರಿನ ಪುಸ್ತಕ ಎಷ್ಟು ಬೇಕಾದರೂ ಇವೆ. ಹಳೇ ಪುಸ್ತಕಗಳಲ್ಲಿ ಐಎಸ್‌ಬಿಎನ್ ಇರುವುದಿಲ್ಲ, ಇದ್ದರೆ ದಯವಿಟ್ಟು ಹಾಕಿ. ಪುಸ್ತಕದ ಹಿಂಬದಿಯಲ್ಲಿರುವ 13 ಅಂಕಿಯ ಗುರುತಿನ ಸಂಖ್ಯೆ. ನಮ್ಮ ದೇಶದ ಪುಸ್ತಕಕ್ಕೆ 978-81 ಅಥವಾ 978-93 ಅಂತ ಶುರುವಾಗುತ್ತದೆ. ಅದೊಂದು ಇದ್ದರೆ ನಾನು ಗೋದಾಮಿನಲ್ಲಿ ಹುಡುಕುವ ಕಷ್ಟ ಅರ್ಧ ಇಳಿಯುತ್ತದೆ.

ಇನ್ನು ಹೊಗಳಿಕೆಯ ವಿಷಯ. ಹೋಟೆಲ್ಲಿನಲ್ಲಿ ‘ಇವತ್ತು ಏನು ಚೆನ್ನಾಗಿದೆ’ ಅಂದರೆ ಸಪ್ಲಯರ್ ‘ಎಲ್ಲಾ ಚೆನ್ನಾಗಿದೆ ಸಾರ್’ ಅನ್ನುತ್ತಾನಲ್ಲ, ನಿಮ್ಮ ವಿಮರ್ಶೆಗಳೂ ಹಾಗೇ ಇವೆ. ಪದೇ ಪದೇ ಬರುವ ಗಿರಾಕಿಗಳು ನನ್ನನ್ನು ಕೇಳುವ ಪ್ರಶ್ನೆ ಬೇರೆ. ‘ನಿಧಾನಕ್ಕೆ ಹೋಗುತ್ತಾ?’, ‘ಭಾಷೆ ಕಷ್ಟವಾ?’, ‘ಅಮ್ಮನಿಗೆ ಕೊಡಬಹುದಾ?’, ‘ಅಕ್ಷರ ದೊಡ್ಡದಾಗಿದೆಯಾ?’ ಕೊನೆಯದನ್ನು ಯಾವ ವಿಮರ್ಶಕರೂ ಬರೆದದ್ದು ನಾನು ನೋಡಿಲ್ಲ. ಆದರೆ ವಯಸ್ಸಾದವರು ಪುಸ್ತಕ ವಾಪಸ್ ಇಡುವುದು ಬಹುತೇಕ ಅದೊಂದೇ ಕಾರಣಕ್ಕೆ.

ಹೊರನಾಡ_ಕನ್ನಡಿಗ:
ಗಲ್ಲಾದವರು ಹೇಳಿದ್ದಕ್ಕೆ ನನ್ನದೂ ಒಂದು ಮತ. ನಾನು ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಇಲ್ಲಿ ಕನ್ನಡ ಪುಸ್ತಕವನ್ನು ಕೈಯಲ್ಲಿ ಹಿಡಿದು ನಾಲ್ಕು ಪುಟ ಓದಿ ನೋಡೋ ಅವಕಾಶವೇ ಇಲ್ಲ. ಅಂಚೆ ಖರ್ಚು ಪುಸ್ತಕದ ಬೆಲೆಯನ್ನೇ ಮೀರುತ್ತದೆ. ಊರಿಂದ ಯಾರಾದರೂ ಬರುವಾಗ ಸೂಟ್‌ಕೇಸಿನಲ್ಲಿ ಒಂದೆರಡು ಕೆ.ಜಿ. ಜಾಗ ಬೇಡಿಕೊಳ್ಳಬೇಕು. ಆ ಒಂದೆರಡು ಕೆ.ಜಿ.ಗೆ ಯಾವ ಪುಸ್ತಕ ಅಂತ ಆರಿಸೋದು ನಿಮ್ಮ ವಿಮರ್ಶೆ ನೋಡಿಯೇ. ಆದ್ದರಿಂದ ಪುಸ್ತಕದ ಒಂದು ಪ್ಯಾರಾ ಆದರೂ ಎತ್ತಿ ಹಾಕಿ. ಕತೆ ಹೇಳದಿದ್ದರೂ ಪರವಾಗಿಲ್ಲ, ಬರವಣಿಗೆಯ ರುಚಿ ಗೊತ್ತಾಗುತ್ತದೆ.

ಕರಾವಳಿ_ಓದುಗಿ:
ಪ್ಯಾರಾ ಹಾಕಿದರೆ ಕಾಪಿರೈಟ್ ತೊಂದರೆ ಬರುವುದಿಲ್ಲವಾ?

ಪುಸ್ತಕದ_ಹುಳ:
ಇಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂ ವಿಮರ್ಶೆಗಾಗಿ ನ್ಯಾಯವಾದ ಮಿತಿಯಲ್ಲಿ ಉಲ್ಲೇಖಿಸಲು ಅವಕಾಶ ಕೊಡುತ್ತದೆ. ಒಂದು ಪ್ಯಾರಾ ಎತ್ತಿಕೊಂಡು ಅದರ ಬಗ್ಗೆ ಮಾತಾಡಿದರೆ ಯಾರೂ ಏನೂ ಅನ್ನಲ್ಲ. ಆದರೆ ಕೆಲವರು ಇಡೀ ಅಧ್ಯಾಯದ ಫೋಟೊ ತೆಗೆದು ಹಾಕಿ, ಕೆಳಗೆ ‘ಸೂಪರ್’ ಅಂತ ಒಂದೇ ಪದ ಬರೆಯುತ್ತಾರೆ. ಅದು ವಿಮರ್ಶೆ ಅಲ್ಲ.

ಓದು_ಪ್ರಿಯ_22:
ಮೇಲೆ ಹೇಳಿದ ಪುಸ್ತಕಗಳ ಪಿಡಿಎಫ್ ಇದ್ದರೆ ಕಳಿಸಿ ಸಾರ್ 🙏

ಪುಸ್ತಕದ_ಹುಳ:
ಈ ಮಾತು ಬರಲಿಲ್ಲವಲ್ಲ ಅಂದುಕೊಂಡಿದ್ದೆ. ಇಲ್ಲ ತಮ್ಮ, ಕಳಿಸೋ ಹಾಗಿಲ್ಲ. ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಮಾಸ್ತಿಯವರು ತೀರಿಕೊಂಡದ್ದು 1986ರಲ್ಲಿ, ಅಂದರೆ 2046 ಮುಗಿಯುವವರೆಗೆ. ಬಿ.ಎಂ.ಶ್ರೀ ತೀರಿಕೊಂಡದ್ದು 1946ರಲ್ಲಿ, ಅವರ ಬರಹ ಈಗ ಯಾರು ಬೇಕಾದರೂ ಓದಬಹುದು, ಹಂಚಬಹುದು. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದವರು ಸ್ಕ್ಯಾನ್ ಮಾಡಿದ ಹಳೇ ಕನ್ನಡ ಪುಸ್ತಕಗಳು ಬೇಕಾದಷ್ಟಿವೆ. ಹಕ್ಕು ಮುಗಿದವುಗಳಲ್ಲಿ ಒಂದನ್ನು ಓದಿ, ಅದರ ವಿಮರ್ಶೆಯನ್ನೇ ಬರೆದು ಹಾಕಿ. ಅಂಥ ಪುಸ್ತಕಗಳ ಬಗ್ಗೆ ಬರೆಯುವವರು ತೀರಾ ಕಡಿಮೆ.

ಕೇಳುವ_ಓದುಗ:
ಪಿಡಿಎಫ್ ವಿಷಯ ಬಂತು ಅಂತ ನಾನೂ ಒಂದು ಹೇಳುತ್ತೇನೆ. ನನಗೆ ಕಣ್ಣು ಕಾಣುವುದಿಲ್ಲ. ಕಂಪ್ಯೂಟರಿನಲ್ಲಿ ಎನ್‌ವಿಡಿಎ ಅನ್ನೋ ತಂತ್ರಾಂಶ ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ, ನಾನು ಕೇಳುತ್ತೇನೆ. 2012ರ ತಿದ್ದುಪಡಿಯಲ್ಲಿ, ನಮ್ಮಂಥವರಿಗೆ ಓದಲು ಆಗುವ ರೂಪಕ್ಕೆ ಪುಸ್ತಕವನ್ನು ಬದಲಾಯಿಸಿಕೊಳ್ಳೋಕೆ ಕಾನೂನು ಅವಕಾಶ ಕೊಟ್ಟಿದೆ. 2016ರಿಂದ ಸುಗಮ್ಯ ಪುಸ್ತಕಾಲಯ ಅಂತ ಒಂದು ಆನ್‌ಲೈನ್ ಗ್ರಂಥಾಲಯವೂ ಇದೆ. ಆದರೆ ನಾನು ಹುಡುಕುವ ಹೊಸ ಕನ್ನಡ ಪುಸ್ತಕ ಅಲ್ಲಿ ಸಿಗೋದು ಅಪರೂಪ.

ನನ್ನ ಬೇಡಿಕೆ ನಿಮ್ಮ ವಿಮರ್ಶೆಯ ಬಗ್ಗೆ. ಈಗ ಎಲ್ಲರೂ ಚಂದದ ಕಾರ್ಡ್ ಮಾಡಿ, ಬಣ್ಣದ ಹಿನ್ನೆಲೆಯ ಮೇಲೆ ವಿಮರ್ಶೆ ಬರೆದು ಚಿತ್ರವಾಗಿ ಹಾಕುತ್ತಿದ್ದಾರೆ. ನನಗೆ ಅದು ‘ಚಿತ್ರ’ ಅಂತ ಮಾತ್ರ ಕೇಳುತ್ತದೆ. ಹಳೇ ‘ನುಡಿ’, ‘ಬರಹ’ ತಂತ್ರಾಂಶಗಳ ಅಕ್ಷರದಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಇನ್ನೂ ತಮಾಷೆ. ಇಂಗ್ಲಿಷ್ ಅಕ್ಷರಗಳನ್ನು ಯಾರೋ ಜಗಿದು ಉಗಿದಂತೆ ಕೇಳಿಸುತ್ತದೆ. ಯೂನಿಕೋಡ್‌ನಲ್ಲಿ ಬರೆಯಿರಿ. ನನಗೂ ಆಯಿತು, ನಾಳೆ ಗೂಗಲ್‌ನಲ್ಲಿ ಪುಸ್ತಕದ ಹೆಸರು ಹಾಕಿ ಹುಡುಕುವವರಿಗೂ ಆಯಿತು.

ಹೊರನಾಡ_ಕನ್ನಡಿಗ:
ಈ ಕೋನ ನನಗೆ ಹೊಳೆದೇ ಇರಲಿಲ್ಲ ಸರ್. ಥ್ಯಾಂಕ್ಸ್.

ಕರಾವಳಿ_ಓದುಗಿ:
ನಾನು ನಕ್ಷತ್ರದ ಬಗ್ಗೆ ಜಗಳ ಆಡಬೇಕು ಅಂತಲೇ ಬಂದವಳು ಮಾರಾಯ್ರೆ. ಓದುಗರು ಪುಸ್ತಕಗಳಿಗೆ ನಕ್ಷತ್ರ ಕೊಡುವ ಜಾಲತಾಣ ಗುಡ್‌ರೀಡ್ಸ್‌ನಲ್ಲಿ ಒಂದೊಂದು ನಕ್ಷತ್ರಕ್ಕೂ ಅವರೇ ಅರ್ಥ ಕೊಟ್ಟಿದ್ದಾರೆ. ಒಂದು ಅಂದರೆ ಹಿಡಿಸಲಿಲ್ಲ, ಎರಡು ಅಂದರೆ ಪರವಾಗಿಲ್ಲ, ಮೂರು ಅಂದರೆ ಹಿಡಿಸಿತು, ನಾಲ್ಕು ಅಂದರೆ ತುಂಬಾ ಹಿಡಿಸಿತು, ಐದು ಅಂದರೆ ಅದ್ಭುತ. ಆ ಲೆಕ್ಕದಲ್ಲಿ ಮೂರು ಕೊಟ್ಟರೆ ಒಳ್ಳೆಯ ಮಾತೇ. ಆದರೆ ನಮ್ಮಲ್ಲಿ ಮೂರು ಕೊಟ್ಟರೆ ಲೇಖಕರು ಮೆಸೇಜ್ ಮಾಡಿ ‘ಎಲ್ಲಿ ಕಮ್ಮಿ ಆಯಿತು ಮೇಡಂ’ ಅಂತ ಕೇಳುತ್ತಾರೆ! ಶಾಲೆಯ ಮಾರ್ಕ್ಸ್ ಕಾರ್ಡ್ ಗುಂಗು ಇನ್ನೂ ಹೋಗಿಲ್ಲ ನಮಗೆ. ಐದಕ್ಕೆ ಮೂರು ಅಂದರೆ ಅರವತ್ತು ಪರ್ಸೆಂಟ್, ಮರ್ಯಾದೆ ಹೋಯಿತು ಅಂತ.

ಇನ್ನೊಂದು ತಲೆನೋವು, ಅಲ್ಲಿ ಕನ್ನಡ ಪುಸ್ತಕವನ್ನು ಒಬ್ಬರು ಕನ್ನಡ ಲಿಪಿಯಲ್ಲಿ ಸೇರಿಸಿರುತ್ತಾರೆ, ಇನ್ನೊಬ್ಬರು ಇಂಗ್ಲಿಷ್ ಅಕ್ಷರದಲ್ಲಿ. ಲೇಖಕರ ಹೆಸರಿನ ಕಾಗುಣಿತ ಒಂದಿಷ್ಟು ಬದಲಾದರೂ ಬೇರೆ ಪುಟ. ಹತ್ತು ಜನ ಬರೆದ ವಿಮರ್ಶೆ ಮೂರು ಕಡೆ ಚದುರಿಹೋಗುತ್ತದೆ. 50 ಪುಸ್ತಕ ಕಪಾಟಿನಲ್ಲಿ ಇಟ್ಟವರು ಅಲ್ಲಿ ‘ಲೈಬ್ರೇರಿಯನ್’ ಆಗಲು ಅರ್ಜಿ ಹಾಕಬಹುದು. ಆದ ಮೇಲೆ ಆ ಪುಟಗಳನ್ನು ಒಂದುಗೂಡಿಸಬಹುದು. ನಮ್ಮಲ್ಲಿ ನಾಲ್ಕು ಜನ ಹಾಗಾದರೂ ದೊಡ್ಡ ಉಪಕಾರ.

ಧಾರವಾಡದ_ಓದುಗ:
ನಕ್ಷತ್ರನೇ ಬ್ಯಾಡ ಬಿಡ್ರಿ. ನಕ್ಷತ್ರ ನೋಡಿ ಪುಸ್ತಕ ಓದುವುದಕ್ಕಿಂತ ಪಂಚಾಂಗ ನೋಡಿ ಓದುವುದು ಮೇಲು.

ಮೊದಲ_ಪುಸ್ತಕ:
ಲೇಖಕರ ಕಡೆಯಿಂದ ಒಂದು ಮಾತು ಹೇಳಲೇಬೇಕು. ಕಳೆದ ವರ್ಷ ನನ್ನ ಕಥಾ ಸಂಕಲನ ಬಂತು. ಅಚ್ಚಾದದ್ದೇ 500 ಪ್ರತಿ. ಅದರಲ್ಲಿ ನೆಂಟರಿಗೆ, ಸಹೋದ್ಯೋಗಿಗಳಿಗೆ, ಪತ್ರಿಕೆಗಳಿಗೆ ಹೋದದ್ದು ಬಿಟ್ಟರೆ ಅಪರಿಚಿತರು ಓದಿದ್ದು ಎಷ್ಟು ಅಂತ ಊಹಿಸಿ. ಅಷ್ಟು ಚಿಕ್ಕ ಲೋಕದಲ್ಲಿ ಒಬ್ಬರು ‘ಬೋರಿಂಗ್, ದುಡ್ಡು ದಂಡ’ ಅಂತ ಬರೆದರೆ ಅದೇ ಆ ಪುಸ್ತಕದ ಏಕೈಕ ವಿಮರ್ಶೆಯಾಗಿ ಉಳಿದುಬಿಡುತ್ತದೆ. ದೊಡ್ಡ ಹೆಸರಿನವರಿಗೆ ಒಂದು ಕಟು ಮಾತಿನಿಂದ ಏನೂ ಆಗಲ್ಲ. ನಮಗೆ ಆಗುತ್ತದೆ. ನಾನು ಹೊಗಳಿಕೆ ಕೇಳುತ್ತಿಲ್ಲ. ನನ್ನ ಪುಸ್ತಕಕ್ಕೆ ಬಂದ ಮಾತುಗಳಲ್ಲಿ ನನಗೆ ನಿಜಕ್ಕೂ ಉಪಯೋಗ ಆದದ್ದು ಒಂದೇ. ‘ನಾಲ್ಕು ಕತೆಗಳ ಕೊನೆಯಲ್ಲಿ ಯಾರಾದರೂ ಸಾಯುತ್ತಾರೆ, ಮೂರನೆಯದರ ಹೊತ್ತಿಗೆ ಸಾವು ಬರುವುದು ಮೊದಲೇ ಗೊತ್ತಾಗುತ್ತದೆ’ ಅಂತ ಒಬ್ಬರು ಬರೆದಿದ್ದರು. ಓದಿದಾಗ ಸಿಟ್ಟು ಬಂತು. ಆಮೇಲೆ ಬರೆದ ಕತೆಯಲ್ಲಿ ಯಾರೂ ಸತ್ತಿಲ್ಲ.

ಪುಸ್ತಕದ_ಹುಳ:
ಇದು ನನಗೆ ಬಹಳ ಮುಖ್ಯ ಅನ್ನಿಸಿತು. ‘ದುಡ್ಡು ದಂಡ’ ಅನ್ನೋದೂ ‘ಅದ್ಭುತ’ ಅನ್ನೋದೂ ಒಂದೇ ಜಾತಿ. ಎರಡರಲ್ಲೂ ಪುಸ್ತಕ ಇಲ್ಲ. ಆ ನಾಲ್ಕು ಕತೆಗಳ ಮಾತಿನಲ್ಲಿ ಪುಸ್ತಕ ಇದೆ.

ಬರೀ_ಇಣುಕು:
ಸರಿ, ಹೀಗಾದರೆ ನಾನೂ ಒಂದು ಪ್ರಯತ್ನ ಮಾಡುತ್ತೇನೆ. ತಂಗಿಗೆ ಹೇಳಿದ ಹಾಗೇ.

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’. ಬಂದದ್ದು 1976ರಲ್ಲಿ. ಪ್ರೇಮಾ ಕಾರಂತರು ಸಿನಿಮಾ ಮಾಡಿದ್ದಾರೆ, ಅದನ್ನು ನೋಡಿದ್ದರೂ ಪುಸ್ತಕ ಓದಿ. ಮಲೆನಾಡಿನ ದೊಡ್ಡ ಮನೆಯೊಂದರಲ್ಲಿ ಬಾಲ್ಯದಲ್ಲೇ ವಿಧವೆಯಾದ ಹೆಂಗಸಿನ ಬದುಕು. ಹೀಗೆ ಹೇಳಿದರೆ ಅಳಿಸೋ ಪುಸ್ತಕ ಅಂದುಕೊಳ್ಳುತ್ತೀರಿ. ಅಲ್ಲ. ಅಜ್ಜಿ ಜಗಲಿಯಲ್ಲಿ ಕೂತು ಹೇಳಿದ ಹಾಗೆ, ಎಲ್ಲೂ ದನಿ ಏರಿಸದೆ ಹೇಳಿಕೊಂಡು ಹೋಗುತ್ತಾರೆ. ಮಡಿ, ಊಟ, ಬಾಣಂತನ, ಮದುವೆಯ ಸಂಭ್ರಮ ಎಲ್ಲಾ ಬರುತ್ತೆ. ಸಿಟ್ಟು ಬರೋದು ನಮಗೆ, ಫಣಿಯಮ್ಮನಿಗಲ್ಲ. ತಲೆ ಬೋಳಿಸಿಕೊಳ್ಳಲು ಒಪ್ಪದ ಒಬ್ಬ ಎಳೆಯ ವಿಧವೆ ಮುಂದೆ ಬರುತ್ತಾಳೆ. ಅವಳ ವಿಷಯದಲ್ಲಿ ಮುದುಕಿ ಫಣಿಯಮ್ಮ ಯಾರ ಪರ ನಿಲ್ಲುತ್ತಾಳೆ ಅನ್ನೋದೇ ಪುಸ್ತಕದ ಜೀವ. ಶುರುವಿನಲ್ಲಿ ಮನೆ ತುಂಬಾ ಜನ, ಯಾರು ಯಾರ ಮಗ ಅಂತ ಗೊಂದಲ ಆಗುತ್ತೆ. ಆಗಲಿ ಬಿಡಿ, ನೆನಪಿಟ್ಟುಕೊಳ್ಳಬೇಕಾದ್ದೇನೂ ಇಲ್ಲ. ದೊಡ್ಡ ಪುಸ್ತಕ ಅಲ್ಲ. ಅಮ್ಮನಿಗೆ ಧಾರಾಳವಾಗಿ ಕೊಡಬಹುದು. ಅಮ್ಮ ಓದಿ ತನ್ನ ಅಜ್ಜಿಯ ಕಥೆ ಶುರು ಮಾಡಿದರೆ ನಾನು ಜವಾಬ್ದಾರಳಲ್ಲ.

ಅಂಗಡಿ_ಗಲ್ಲಾ:
ಮೇಡಂ, ಇದನ್ನು ಪ್ರಿಂಟ್ ತೆಗೆದು ಅಂಗಡಿಯಲ್ಲಿ ಅಂಟಿಸಬಹುದಾ?

ಕರಾವಳಿ_ಓದುಗಿ:
ಚಂದ ಬರೆದಿದ್ದೀರಿ. ಆದರೆ ಪುಸ್ತಕದ ಬಗ್ಗೆ ನನ್ನದು ಬೇರೆ ಅಭಿಪ್ರಾಯ. ಫಣಿಯಮ್ಮನನ್ನು ತೀರಾ ದೇವತೆ ಮಾಡಿಬಿಟ್ಟಿದ್ದಾರೆ ಅನ್ನಿಸುತ್ತದೆ ನನಗೆ. ಅಷ್ಟು ವರ್ಷ ಒಂದು ಸಲವೂ ಹೊಟ್ಟೆಕಿಚ್ಚು, ಆಸೆ, ಕೆಟ್ಟ ಮಾತು ಬರುವುದಿಲ್ಲವಾ ಒಬ್ಬ ಹೆಂಗಸಿಗೆ?

ಬರೀ_ಇಣುಕು:
ನಿಜ ಜೀವನದ ಹೆಂಗಸಿನ ಕಥೆ ಆಧರಿಸಿದ್ದು ಅಲ್ವಾ ಅದು. ಮನೆಯವರು ಹಿರಿಯರನ್ನು ನೆನೆಯುವಾಗ ಹಾಗೇ ತಾನೆ ಹೇಳೋದು. ಆದರೂ ನೀವು ಹೇಳಿದ ಮೇಲೆ ಇನ್ನೊಮ್ಮೆ ಓದಬೇಕು ಅನ್ನಿಸುತ್ತಿದೆ.

ಧಾರವಾಡದ_ಓದುಗ:
ನೋಡ್ರಿ, ಜಗಳ ಶುರುವಾಯಿತು. ಭಾಳ ಖುಷಿ ಆತು ನನಗ.

ಹಳೇಮೈಸೂರು:
ಭಾಷೆಯ ವಿಷಯವನ್ನೂ ವಿಮರ್ಶೆಯಲ್ಲಿ ಬರೆಯಿರಿ. ದೇವನೂರ ಮಹಾದೇವರ ‘ಕುಸುಮಬಾಲೆ’ಯನ್ನು ಎಷ್ಟೋ ಜನ ಕೆಲವೇ ಪುಟ ಓದಿ ಬಿಟ್ಟಿರುವುದು ನನಗೆ ಗೊತ್ತು. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ ಅಂತ ಮಾತ್ರ ಬರೆದರೆ ಓದುಗರಿಗೆ ಏನು ಉಪಯೋಗ? ‘ಇದು ನಂಜನಗೂಡು ಕಡೆಯ ಮಾತು. ಕಣ್ಣಲ್ಲಿ ಓದಬೇಡಿ, ಬಾಯಿಬಿಟ್ಟು ಓದಿ. ಮಂಚ ಮಾತಾಡುತ್ತದೆ, ದೀಪದ ಜೋತಮ್ಮಗಳು ರಾತ್ರಿ ಕೂತು ಹರಟುತ್ತವೆ, ಗಾಬರಿ ಆಗಬೇಡಿ’ ಅಂತ ಯಾರಾದರೂ ಮೊದಲೇ ಹೇಳಿದ್ದರೆ ಅವರೆಲ್ಲ ದಾಟಿಕೊಂಡು ಹೋಗುತ್ತಿದ್ದರು. ನನಗೆ ಹಾಗೆ ಹೇಳಿದ್ದು ನಮ್ಮ ಹೈಸ್ಕೂಲು ಮೇಷ್ಟ್ರು.

ಹೊರನಾಡ_ಕನ್ನಡಿಗ:
ಅನುವಾದದ ಬಗ್ಗೆ ಒಂದು ಪ್ರಶ್ನೆ. ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬುಕರ್ ಬಂದಾಗ ನಾನು ಅವರ ಕತೆಗಳ ‘ಹಾರ್ಟ್ ಲ್ಯಾಂಪ್’ ಇಂಗ್ಲಿಷಿನಲ್ಲಿ ಓದಿದೆ. ಅದರ ವಿಮರ್ಶೆಯನ್ನು ಕನ್ನಡದಲ್ಲಿ ಬರೆದು ಹಾಕಬಹುದಾ? ಕನ್ನಡದ ಪುಸ್ತಕವನ್ನು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಬರೆಯುವುದು ಒಂಥರಾ ಅಲ್ವಾ?

ಪುಸ್ತಕದ_ಹುಳ:
ಧಾರಾಳವಾಗಿ ಹಾಕಿ. ಆದರೆ ಇಂಗ್ಲಿಷಿನಲ್ಲಿ ಓದಿದ್ದು ಅಂತ ಮೊದಲ ಸಾಲಿನಲ್ಲೇ ಹೇಳಿ. 2025ರ ಮೇ ತಿಂಗಳಲ್ಲಿ ಆ ಪ್ರಶಸ್ತಿ ಬಂದಾಗ ಎಷ್ಟೋ ಜನ ‘ಇದರ ಕನ್ನಡ ಮೂಲ ಪುಸ್ತಕ ಯಾವುದು’ ಅಂತ ಕೇಳುತ್ತಿದ್ದರು. ಅದು ಒಂದೇ ಪುಸ್ತಕದ ಅನುವಾದ ಅಲ್ಲ. ಬಾನು ಅವರು 1990ರಿಂದ 2023ರವರೆಗೆ ಬರೆದ ಕತೆಗಳಲ್ಲಿ 12ನ್ನು ಆರಿಸಿ ದೀಪಾ ಭಾಸ್ತಿ ಅನುವಾದಿಸಿದ್ದು. ಪ್ರಶಸ್ತಿಯ ಹಣವನ್ನೂ ಇಬ್ಬರಿಗೆ ಸಮನಾಗಿ ಹಂಚುತ್ತಾರೆ. ಹಾಗಿರುವಾಗ ವಿಮರ್ಶೆಯಲ್ಲಿ ಅನುವಾದಕಿಯ ಹೆಸರು ಬಿಡುವುದು ಸರಿಯಲ್ಲ. ನಮ್ಮಲ್ಲಿ ಬಂಗಾಳಿ, ಮರಾಠಿಯಿಂದ ಬಂದ ಪುಸ್ತಕಗಳ ವಿಮರ್ಶೆಯಲ್ಲಿ ಈ ಹೆಸರು ಬಿಟ್ಟುಹೋಗುವುದು ಜಾಸ್ತಿ.

ಕರಾವಳಿ_ಓದುಗಿ:
ಕತೆಯ ಕೊನೆ ಹೇಳುವವರನ್ನು ಏನು ಮಾಡುವುದು?

ಧಾರವಾಡದ_ಓದುಗ:
ರನ್ನನ ಗದಾಯುದ್ಧದಲ್ಲಿ ದುರ್ಯೋಧನನ ತೊಡೆ ಮುರಿಯುತ್ತದೆ. ಹೇಳಿಬಿಟ್ಟೆ. ಸಾವಿರ ವರ್ಷದಿಂದ ಗೊತ್ತಿದ್ದೂ ಜನ ಓದುತ್ತಲೇ ಇದ್ದಾರೆ.

ಕರಾವಳಿ_ಓದುಗಿ:
ರನ್ನ ಬೇರೆ, ಮೊನ್ನೆ ಬಂದ ಪತ್ತೇದಾರಿ ಕಾದಂಬರಿ ಬೇರೆ ಮಾರಾಯ್ರೆ! ಕೊಲೆಗಾರ ಯಾರು ಅಂತ ಮೊದಲ ಸಾಲಿನಲ್ಲೇ ಬರೆದವರು ಇದ್ದಾರೆ ಇಲ್ಲಿ. ಮುಂದೆ ಕತೆಯ ಗುಟ್ಟಿದೆ ಅಂತ ಒಂದು ಸಾಲು ಬರೆದು, ನಾಲ್ಕು ಸಾಲು ಖಾಲಿ ಬಿಟ್ಟು ಬರೆಯಿರಿ, ಸಾಕು.

ಹಳೇಮೈಸೂರು:
ಗೌರವ ಪ್ರತಿ ಸಿಕ್ಕಿದ್ದರೆ ಅದನ್ನೂ ಹೇಳಬೇಕು ಅನ್ನೋದು ನನ್ನ ಮಾತು. ಜಾಹೀರಾತು ಮಂಡಳಿ ಎಎಸ್‌ಸಿಐ 2021ರಲ್ಲೇ ಇನ್‌ಫ್ಲುಯೆನ್ಸರ್‌ಗಳಿಗೆ ನಿಯಮ ಮಾಡಿದೆ. ದುಡ್ಡು ಅಷ್ಟೇ ಅಲ್ಲ, ಪುಕ್ಕಟೆ ಬಂದ ವಸ್ತುವನ್ನೂ ಹೇಳಿಕೊಳ್ಳಬೇಕು ಅಂತ. ನಾವು ಇನ್‌ಫ್ಲುಯೆನ್ಸರ್‌ಗಳಲ್ಲ ನಿಜ. ಆದರೆ ಲೇಖಕರು ನನ್ನ ಭಾವನ ಗೆಳೆಯರು ಅಂತ ಒಂದು ಸಾಲು ಇದ್ದರೆ ಓದುವವರು ತಮ್ಮ ಲೆಕ್ಕ ತಾವು ಹಾಕಿಕೊಳ್ಳುತ್ತಾರೆ.

ಮೊದಲ_ಪುಸ್ತಕ:
ಹಾಗಾದರೆ ಕೇಳಿಯೇಬಿಡುತ್ತೇನೆ. ನನ್ನ ಸಂಕಲನವನ್ನು ಇಲ್ಲಿ ಎಲ್ಲರೂ ಓದಿ, ಇಷ್ಟೊತ್ತು ಮಾತಾಡಿದ ಹಾಗೆ ಬರೆಯುತ್ತೀರಾ? ವಿಳಾಸ ಕೊಟ್ಟರೆ ಪ್ರತಿ ಕಳಿಸುತ್ತೇನೆ.

ಪುಸ್ತಕದ_ಹುಳ:
ಬರೆಯುತ್ತೇವೆ. ಪ್ರತಿ ಕಳಿಸಬೇಡಿ, ಕೊಂಡುಕೊಳ್ಳುತ್ತೇವೆ. ಹೆಸರು, ಪ್ರಕಾಶನ, ಐಎಸ್‌ಬಿಎನ್ ಗಲ್ಲಾದವರಿಗೆ ಮೆಸೇಜ್ ಮಾಡಿ. ಮುಂದಿನ ತಿಂಗಳ ಓದು ಅದೇ ಆಗಲಿ, ಬೇಡ ಅನ್ನುವವರು ಈಗಲೇ ಹೇಳಿ.

ಅಂಗಡಿ_ಗಲ್ಲಾ:
ಸ್ಟಾಕ್ ಇಲ್ಲ. ವಿತರಕರನ್ನು ಕೇಳಿ ತರಿಸುತ್ತೇನೆ. ಎಷ್ಟು ಜನಕ್ಕೆ ಬೇಕು ಅಂತ ಇಲ್ಲೇ ಕೆಳಗೆ ಹಾಕಿ, ಸುಮ್ನೆ ಲೈಕ್ ಒತ್ತಿ ಹೋಗಬೇಡಿ.

ಧಾರವಾಡದ_ಓದುಗ:
ನನಗೊಂದು.

ಕರಾವಳಿ_ಓದುಗಿ:
ಎರಡು. ಒಂದು ಅಕ್ಕನಿಗೆ.

ಬರೀ_ಇಣುಕು:
ನನಗೂ ಒಂದು. ಅಕ್ಷರ ದೊಡ್ಡದಾಗಿದೆಯಾ?

ಕೇಳುವ_ಓದುಗ:
ನನಗೆ ಅಚ್ಚಿನ ಪ್ರತಿ ಬೇಡ. ಯೂನಿಕೋಡ್ ಕಡತ ಸಿಗಬಹುದಾ, ನನ್ನೊಬ್ಬನ ಓದಿಗೆ ಮಾತ್ರ?

ಮೊದಲ_ಪುಸ್ತಕ:
@ಬರೀ_ಇಣುಕು ಅಕ್ಷರ ಸಾಧಾರಣ ಗಾತ್ರ ಮೇಡಂ. @ಕೇಳುವ_ಓದುಗ ಸರ್, ಡಿಟಿಪಿ ಮಾಡಿದ್ದು ಹಳೇ ನುಡಿಯಲ್ಲಿ. ಯೂನಿಕೋಡ್‌ಗೆ ಬದಲಾಯಿಸಿ, ಒಮ್ಮೆ ತಿದ್ದಿ, ಪ್ರಕಾಶಕರನ್ನು ಕೇಳಿ ಕಳಿಸುತ್ತೇನೆ. ಒಂದು ವಾರ ಕೊಡಿ.